ಶಾಲೆಯಲ್ಲಿ ಜನಪದ ಗಾಯಕ: ಹೊಸರಿತ್ತಿಯ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ನಮ್ಮ ಶಾಲೆಗಳ ಸ್ನೇಹಸಮ್ಮೇಲನಗಳಿಗೆ ಡೊಳ್ಳಿನ ಮೇಳವನ್ನೊ ಲಾವಣಿಯ ಮೇಳವನ್ನೊ ಕರೆಸುವ ವಾಡಿಕೆ ಹೊಸದಲ್ಲ. ಅತಿಥಿಗಳನ್ನು ಶಾಲೆಯ ಬಾಗಿಲಿನಿಂದ ವೇದಿಕೆಯವರೆಗೆ ಕರೆತರುವ ಮೆರವಣಿಗೆಯ ಮುಂದೆ ಈ ಕಲಾವಿದರು ನಡೆಯುತ್ತಾರೆ. ಅತಿಥಿಗಳು ವೇದಿಕೆಯನ್ನೇರಿದೊಡನೆ ಅವರ ಕೆಲಸ ಮುಗಿಯುತ್ತದೆ. ಅವರು ಶಾಲೆಗೆ ಬಂದುದು ನಿಜ. ಆದರೆ ಶಾಲೆಯ ಅಂಗಳವನ್ನು ದಾಟಿ ತರಗತಿಯೊಳಕ್ಕೆ ಬಂದವರಲ್ಲ. ಈ ಎರಡು ಬಗೆಯ ಬರವಿಗೂ ಇರುವ ಅಂತರವನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ. ಪರಂಪರೆಯಿಂದ ಹಾಡನ್ನು ಪಡೆದ ಗಾಯಕನು ಸಮಾರಂಭದ ಅಲಂಕಾರವಾಗಿ ಬಂದರೆ ವಿದ್ಯಾರ್ಥಿಗಳಿಗೆ ದೊರೆಯುವುದು ಒಂದು ಗಳಿಗೆಯ ಉಲ್ಲಾಸ ಮಾತ್ರ; ಅವನೇ ಆ ದಿನದ ಅಧ್ಯಾಪಕನಾಗಿ ಬಂದರೆ ಭಾಷೆ, ಇತಿಹಾಸ, ವಿಜ್ಞಾನ, ಸಮಾಜಪಾಠಗಳೆಲ್ಲವೂ ಒಂದು ಹೊಸ ಜೀವವನ್ನು ಪಡೆಯುತ್ತವೆ ಎಂಬುದು ನಮ್ಮ ಅಭಿಪ್ರಾಯ.

‘ಜನಪದ ಗಾಯಕ’ ಎಂಬ ಮಾತನ್ನು ಇಲ್ಲಿ ವಿಶಾಲವಾದ ಅರ್ಥದಲ್ಲಿ ಬಳಸಿದೆ. ಊರಿನ ಲಾವಣಿಕಾರ, ಡೊಳ್ಳಿನವ, ಹಲಗೆಯವ, ತತ್ತ್ವಪದದ ಭಜಕ, ಬೀಸುವ ಪದದ ಗರತಿ, ಚೌಡಿಕೆಯ ಜೋಗತಿ, ಹಾಗೆಯೇ ಬುಡಕಟ್ಟುಗಳ ಹಾಡುಗಾರರು, ಇವರೆಲ್ಲರೂ ಇದರಲ್ಲಿ ಸೇರುತ್ತಾರೆ. ಇವರ ವಿದ್ಯೆ ಗ್ರಂಥದಿಂದ ಬಂದುದಲ್ಲ, ಬಾಯಿಂದ ಕಿವಿಗೆ ಬಂದುದು ಎಂಬುದೇ ಇವರೆಲ್ಲರಿಗೂ ಸಾಮಾನ್ಯವಾದ ಲಕ್ಷಣ.

೧. ನೆಲದ ಹಿನ್ನೆಲೆ

ಹಾವೇರಿ ತಾಲೂಕಿನ ಹೊಸರಿತ್ತಿ ವರದಾ ನದಿಯ ತೀರದ ಊರು. ಮಾಧ್ವ ಯತಿಗಳಾದ ಧೀರೇಂದ್ರತೀರ್ಥರ ಬೃಂದಾವನದಿಂದ ಅದು ಯಾತ್ರಾಸ್ಥಳವೆನಿಸಿದೆ. ಆಧುನಿಕ ಇತಿಹಾಸದಲ್ಲಿ ಈ ಊರಿಗೆ ಸ್ಥಾನ ದೊರೆತದ್ದು ೧೯೪೩ರ ಏಪ್ರಿಲ್ ೧ರಂದು ನಡೆದ ಘಟನೆಯಿಂದ. ಅಂದು ಇಲ್ಲಿ ಕೂಡಿಟ್ಟಿದ್ದ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಬಂದ ಮೈಲಾರ ಮಹಾದೇವಪ್ಪನವರು ಪೊಲೀಸರ ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಮಡಿದರು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರಾದ ಮಹಾದೇವಪ್ಪನವರು ೧೯೩೦ರ ದಂಡೀಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕನ್ನಡಿಗರು. ಸ್ವಾತಂತ್ರ್ಯ ಹೋರಾಟದಲ್ಲಿಯೂ ಕರ್ನಾಟಕದ ಏಕೀಕರಣದಲ್ಲಿಯೂ ದುಡಿದ ಗುದ್ಲೆಪ್ಪ ಹಳ್ಳಿಕೇರಿಯವರು ಇದೇ ಊರಿನವರು. ಶ್ರಮದೊಡನೆ ಕಲಿಕೆ ಎಂಬ ಗಾಂಧೀ ಆದರ್ಶವನ್ನು ಮುಂದಿಟ್ಟುಕೊಂಡ ಗಾಂಧೀ ಗ್ರಾಮೀಣ ಗುರುಕುಲವೆಂಬ ವಸತಿಶಾಲೆಯೂ ಇಲ್ಲಿದೆ.

ಈ ಸೀಮೆ ಹಾಡಿಗೆ ಬಡವಾದುದಲ್ಲ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಜನ್ಮಸ್ಥಳ. ಬ್ಯಾಡಗಿ ತಾಲೂಕಿನ ಕಾಗಿನೆಲೆ ಅವರ ಆರಾಧ್ಯದೈವ ಆದಿಕೇಶವನ ನೆಲೆ. ತತ್ತ್ವಪದಗಳಿಂದ ನಾಡಿಗೆಲ್ಲ ಪರಿಚಿತರಾದ ಶರೀಫ ಸಾಹೇಬರು (೧೮೧೯–೧೮೮೯) ಬಾಳಿದ ಶಿಶುವಿನಹಾಳವೂ ಶಿಗ್ಗಾಂವಿ ತಾಲೂಕಿನದೇ. ಹಿಂದೂಸ್ತಾನಿ ಸಂಗೀತವನ್ನು ಅಂಧ ಬಾಲಕರಿಗೆ ಧಾರೆಯೆರೆದ ಪಂಚಾಕ್ಷರ ಗವಾಯಿಗಳೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಹಾನಗಲ್ಲ ತಾಲೂಕಿನ ಹಳ್ಳಿಗಳಲ್ಲಿ ಹುಟ್ಟಿದವರು. ಜಾನಪದದ ಅಧ್ಯಯನಕ್ಕೆಂದೇ ಮೀಸಲಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ೨೦೧೧ರಲ್ಲಿ ಸ್ಥಾಪಿತವಾದುದು ಇದೇ ಜಿಲ್ಲೆಯ ಗೊಟಗೋಡಿಯಲ್ಲಿ.

ಇಂತಹ ಸೀಮೆಯ ಮಗು ಶಾಲೆಗೆ ಬರುವ ಮೊದಲೇ ಸಾಕಷ್ಟು ಸಂಗೀತವನ್ನು ಕೇಳಿರುತ್ತದೆ. ಬೀರದೇವರ ಜಾತ್ರೆಯ ಡೊಳ್ಳು, ಗುಡಿಯ ಭಜನೆ, ವೀರಭದ್ರನ ಮುಂದೆ ಪುರವಂತರು ಹೇಳುವ ಒಡಪು, ಮದುವೆಯ ಮನೆಯ ಸೋಬಾನೆ, ಇವು ಅದರ ಕಿವಿಯಲ್ಲಿ ತುಂಬಿವೆ. ಆದರೆ ಶಾಲೆಯ ಹೊಸ್ತಿಲನ್ನು ದಾಟುವಾಗ ಆ ಸಂಪತ್ತನ್ನೆಲ್ಲ ಹೊರಗೆ ಬಿಟ್ಟು ಬರಬೇಕೆಂದು ಯಾರೂ ಹೇಳದಿದ್ದರೂ ಮಗು ತಾನಾಗಿ ತಿಳಿದುಕೊಳ್ಳುತ್ತದೆ. ವಸತಿಶಾಲೆಯ ಮಗುವಿನ ಸ್ಥಿತಿಯಂತೂ ಇನ್ನೂ ಸೂಕ್ಷ್ಮವಾದುದು. ರಾತ್ರಿಯ ಭಜನೆಗೂ ಜಾತ್ರೆಯ ಬಯಲಾಟಕ್ಕೂ ಅದು ದೂರವಾಗಿರುವುದರಿಂದ ಕೇಳಿ ಕಲಿಯುವ ವಯಸ್ಸು ಕೇಳದೆಯೇ ಕಳೆದುಹೋಗುತ್ತದೆ. ಗಾಯಕನನ್ನು ಶಾಲೆಗೆ ಕರೆತರುವುದು ಈ ಕಾರಣದಿಂದ ವಿನೋದದ ಮಾತಲ್ಲ. ಕಡಿದುಹೋಗುತ್ತಿರುವ ಒಂದು ತಂತುವನ್ನು ಮತ್ತೆ ಹುರಿಗೊಳಿಸುವ ಕಾರ್ಯ.

೨. ಅಚ್ಚಿನ ಪದ್ಯ, ಬಾಯ ಪದ

ಮೊದಲು ಭಾಷಾಪಾಠವನ್ನು ನೋಡೋಣ. ೧೮೫೭ರಲ್ಲಿ ಬ್ರಿಟಿಷ್ ಸರಕಾರದ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಒಪ್ಪದೆ ಬಂಡೆದ್ದ ಹಲಗಲಿಯ ಬೇಡರ ಕಥೆ ಲಾವಣಿಯಾಗಿ ಉಳಿದಿದೆ. ಹಲಗಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಊರು. ಈ ಲಾವಣಿಯನ್ನೂ, ಸಂಗೊಳ್ಳಿ ರಾಯಣ್ಣ ಮೊದಲಾದವರನ್ನು ಕುರಿತ ಲಾವಣಿಗಳನ್ನೂ ಮುಂಬಯಿ ಸರಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಸಂಗ್ರಹಿಸಿ, ೧೮೮೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿಯೂ ಹಲಗಲಿಯ ಲಾವಣಿಗೆ ಸ್ಥಾನ ದೊರೆತದ್ದುಂಟು.

ಪಠ್ಯಪುಸ್ತಕದಲ್ಲಿ ಈ ಲಾವಣಿ ಒಂದು ಪದ್ಯವಾಗಿ ಕಾಣುತ್ತದೆ. ವಿದ್ಯಾರ್ಥಿ ಅದರ ಶಬ್ದಾರ್ಥವನ್ನು ಬರೆದುಕೊಳ್ಳುತ್ತಾನೆ, ಸಾರಾಂಶವನ್ನು ಉರುಹೊಡೆಯುತ್ತಾನೆ. ಆದರೆ ಲಾವಣಿ ಕಣ್ಣಿನಿಂದ ಓದುವುದಕ್ಕಾಗಿ ಹುಟ್ಟಿದುದಲ್ಲ. ಅದರಲ್ಲಿ ಮುಮ್ಮೇಳದವನು ಒಂದು ನುಡಿಯನ್ನು ಎತ್ತುತ್ತಾನೆ, ಹಿಮ್ಮೇಳದವರು ಪಲ್ಲವಿಯನ್ನು ಹಿಡಿಯುತ್ತಾರೆ. ಆ ಪಲ್ಲವಿಯ ಅವಧಿಯಲ್ಲಿ ಕೇಳುವವನು ಕೇಳಿದ್ದನ್ನು ಮನಸ್ಸಿಗೆ ತಂದುಕೊಳ್ಳುತ್ತಾನೆ, ಹಾಡುವವನು ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳುತ್ತಾನೆ. ಅಚ್ಚಿನಲ್ಲಿ ಅನಾವಶ್ಯಕವೆಂದು ತೋರುವ ಪುನರುಕ್ತಿ ಹಾಡಿನಲ್ಲಿ ರಚನೆಯ ಆಧಾರಸ್ತಂಭವೇ ಆಗಿದೆ. ಇದನ್ನು ಅಧ್ಯಾಪಕನು ಹತ್ತು ಸಲ ವಿವರಿಸಿದರೂ ಮನದಟ್ಟಾಗದು. ಲಾವಣಿಕಾರನು ಡಪ್ಪು ಹಿಡಿದು ಎರಡು ನುಡಿ ಹಾಡಿದರೆ ತಾನಾಗಿ ತಿಳಿಯುತ್ತದೆ.

ತ್ರಿಪದಿಯ ವಿಷಯವೂ ಇಂಥದೇ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಬೀಸುವ ಕಲ್ಲಿನ ಹಾಡಿನವರೆಗೆ ಹದಿಮೂರು ಶತಮಾನಗಳ ಕಾಲ ಬಾಳಿಬಂದ ಛಂದಸ್ಸು ಅದು. ಹನ್ನೊಂದು ಗಣಗಳು, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂಬ ಲಕ್ಷಣವನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಆದರೂ ಜನಪದ ತ್ರಿಪದಿಗೆ ಪ್ರಸ್ತಾರ ಹಾಕುವಾಗ ಅವರ ಲೆಕ್ಕ ಮೇಲಿಂದ ಮೇಲೆ ತಪ್ಪುತ್ತದೆ. ಏಕೆಂದರೆ ಅಂಶಗಣದಲ್ಲಿ ಅಕ್ಷರದ ಹ್ರಸ್ವದೀರ್ಘಗಳನ್ನು ಕೊನೆಗೆ ನಿರ್ಣಯಿಸುವುದು ಹಾಡಿನ ಎಳೆತ. ಹೆಣ್ಣುಮಗಳೊಬ್ಬಳು ಬೀಸುವ ಪದವನ್ನು ಹಾಡುವಾಗ ಎರಡನೆಯ ಸಾಲು ಮರುಕಳಿಸುವ ರೀತಿಯನ್ನೂ, ಒಂದು ಲಘು ಎಳೆದು ಗುರುವಾಗುವ ಬಗೆಯನ್ನೂ ಕೇಳಿದ ವಿದ್ಯಾರ್ಥಿಗೆ ಅಂಶಗಣವೆಂದರೇನೆಂಬುದು ಒಮ್ಮೆಗೇ ಹೊಳೆಯುತ್ತದೆ. ಓದುಬರಹ ಬಾರದವಳೆಂದು ನಾವು ಹೇಳುವ ಆ ತಾಯಿ ಆಗ ಛಂದಶ್ಶಾಸ್ತ್ರದ ಆಚಾರ್ಯಳಾಗಿರುತ್ತಾಳೆ.

ಇತಿಹಾಸದ ಪಾಠಕ್ಕೂ ಇದರಿಂದ ಲಾಭವುಂಟು. ಹಲಗಲಿಯ ಬಂಡಾಯವನ್ನು ಕುರಿತು ಸರಕಾರಿ ಕಾಗದಪತ್ರಗಳು ಒಂದು ಬಗೆಯಾಗಿ ಹೇಳುತ್ತವೆ, ಲಾವಣಿ ಇನ್ನೊಂದು ಬಗೆಯಾಗಿ ಹೇಳುತ್ತದೆ. ಒಂದು ಆಳುವವರ ದೃಷ್ಟಿ, ಇನ್ನೊಂದು ಆಳಿಸಿಕೊಂಡವರ ದೃಷ್ಟಿ. ಲಾವಣಿಯಲ್ಲಿರುವುದೆಲ್ಲವೂ ನಿಜವೆಂದಾಗಲಿ, ಕಾಗದದಲ್ಲಿರುವುದೆಲ್ಲವೂ ನಿಜವೆಂದಾಗಲಿ ನಂಬತಕ್ಕದ್ದಲ್ಲ. ಎರಡನ್ನೂ ಎದುರುಬದುರಾಗಿಟ್ಟು ತೂಗಿನೋಡುವುದೇ ಇತಿಹಾಸದ ವಿದ್ಯೆ. ‘ಈ ಪದವನ್ನು ಕಟ್ಟಿದವರು ಯಾರು? ಯಾರ ಮುಂದೆ ಹಾಡುತ್ತಿದ್ದರು? ನಿಮಗೆ ಇದನ್ನು ಕಲಿಸಿದವರು ಯಾರು?’ ಎಂದು ವಿದ್ಯಾರ್ಥಿಗಳು ಗಾಯಕನನ್ನು ಕೇಳತೊಡಗಿದಾಗ ಅವರು ಅರಿಯದೆಯೇ ಆಕರವಿಮರ್ಶೆಯನ್ನು ಕಲಿಯುತ್ತಿರುತ್ತಾರೆ. ಹೊಸರಿತ್ತಿಯ ಮಕ್ಕಳಿಗೆ ಈ ಅಭ್ಯಾಸ ಬಹು ಸಮೀಪದ್ದು. ೧೯೪೩ರ ಘಟನೆ ಅವರ ಊರಿನದೇ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಉತ್ತರ ಕರ್ನಾಟಕದ ಗೀಗೀ ಮೇಳಗಳು ವೃತ್ತಪತ್ರಿಕೆ ತಲುಪದ ಹಳ್ಳಿಗಳಿಗೂ ಸುದ್ದಿಯನ್ನೂ ಧೈರ್ಯವನ್ನೂ ಹೊತ್ತು ತಂದವು. ಪಠ್ಯದಲ್ಲಿ ಒಂದು ವಾಕ್ಯವಾಗಿರುವ ಸಂಗತಿ ಹಳ್ಳಿಯ ಕಟ್ಟೆಯ ಮೇಲೆ ಹೇಗೆ ಹಾಡಾಗಿ ಹಬ್ಬುತ್ತಿತ್ತೆಂಬುದನ್ನು ಗಾಯಕನಲ್ಲದೆ ಇನ್ನಾರು ತೋರಿಸಿಕೊಟ್ಟಾರು?

ವಾದಸರಣಿಯನ್ನು ಕಲಿಸುವುದಕ್ಕೂ ಗೀಗೀ ಪದಗಳಲ್ಲಿ ಸಾಮಗ್ರಿ ಇದೆ. ಹರದೇಶಿ–ನಾಗೇಶಿ ಮೇಳಗಳಲ್ಲಿ ಒಂದು ಪಕ್ಷದವರು ಶಿವನನ್ನು, ಅಂದರೆ ಪುರುಷನನ್ನು ಮೇಲೆಂದು ಹಾಡಿದರೆ, ಎದುರು ಪಕ್ಷದವರು ಶಕ್ತಿಯನ್ನು, ಅಂದರೆ ಸ್ತ್ರೀಯನ್ನು ಮೇಲೆಂದು ಹಾಡುತ್ತಾರೆ. ಎದುರಾಳಿಯ ಪ್ರಶ್ನೆಗೆ ಅದೇ ಧಾಟಿಯಲ್ಲಿ, ಜನ ಒಪ್ಪುವ ಪ್ರಮಾಣದೊಡನೆ, ತಡಮಾಡದೆ ಉತ್ತರ ಕೊಡಬೇಕು. ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಬರೆದು ತಂದ ಭಾಷಣವನ್ನು ಒಪ್ಪಿಸುವ ವಿದ್ಯಾರ್ಥಿಗಳು ಇಲ್ಲಿ ಕಲಿಯಬೇಕಾದುದು ಬಹಳವಿದೆ.

೩. ಚರ್ಮ, ತಂತಿ, ತಾಳ

ಜನಪದ ಗಾಯಕನ ಬರವಿನಿಂದ ಕನ್ನಡದ ಅಧ್ಯಾಪಕರಿಗೆ ಮಾತ್ರ ಪ್ರಯೋಜನವೆಂದು ತಿಳಿಯಬಾರದು. ವಾದ್ಯಗಳು ಭೌತಶಾಸ್ತ್ರದ ಸಲಕರಣೆಗಳೂ ಹೌದು.

ಹಲಗೆಯವರು ಬಾರಿಸುವುದಕ್ಕೆ ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಸುತ್ತಾರೆ. ಹಾಗೇಕೆ ಮಾಡುತ್ತೀರೆಂದು ಕೇಳಿದರೆ ‘ಕಾಸಿದರೆ ದನಿ ಏರುತ್ತದೆ’ ಎನ್ನುತ್ತಾರೆ. ಚರ್ಮದಲ್ಲಿಯ ತೇವ ಆರಿದಾಗ ಅದು ಕುಗ್ಗಿ ಬಿಗಿಯಾಗುತ್ತದೆ. ಬಿಗಿತ ಹೆಚ್ಚಿದಂತೆ ಕಂಪನದ ವೇಗ ಹೆಚ್ಚುತ್ತದೆ, ಸ್ವರ ಏರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಆವರ್ತನ ಎರಡು ಪಟ್ಟಾಗುತ್ತದೆಂಬ ಸೂತ್ರವನ್ನು ಕಪ್ಪು ಹಲಗೆಯ ಮೇಲೆ ಬರೆಯುವುದಕ್ಕೆ ಮೊದಲು ಈ ಹಲಗೆಯನ್ನು ಕಾಸುವ ಮುನ್ನ ಒಮ್ಮೆ, ಕಾಸಿದ ಮೇಲೆ ಒಮ್ಮೆ ಬಾರಿಸಿ ಕೇಳಿಸುವುದು ಉತ್ತಮ. ಚೌಡಿಕೆಯಲ್ಲಿ ಇದೇ ತತ್ತ್ವ ತಂತಿಯ ರೂಪದಲ್ಲಿ ಕಾಣುತ್ತದೆ. ಎಲ್ಲಮ್ಮನ ಪದಗಳನ್ನು ಹಾಡುವವರು ಒಂದು ಕೈಯಿಂದ ತಂತಿಯನ್ನು ಮೀಟುತ್ತ, ಅದನ್ನು ಬಿಗಿದು ಸಡಿಲಿಸಿ ದನಿಯನ್ನು ಏರಿಳಿಸುತ್ತಾರೆ.

ಇದಕ್ಕಿಂತ ಮುಂದಿನ ಪಾಠವನ್ನೂ ಹೇಳಬಹುದು. ಸಮನಾಗಿ ಬಿಗಿದ ಸಾಮಾನ್ಯ ಚರ್ಮದಿಂದ ಹೊಮ್ಮುವ ಉಪಸ್ವರಗಳು ಮೂಲಸ್ವರದ ಪೂರ್ಣಾಂಕದ ಪಟ್ಟುಗಳಾಗಿರುವುದಿಲ್ಲ; ಆದಕಾರಣ ಹಲಗೆಯಿಂದ ‘ಇದು ಷಡ್ಜ’ ಎಂದು ಹೇಳಬಹುದಾದ ಸ್ಪಷ್ಟ ಸ್ವರ ಬರುವುದಿಲ್ಲ. ಮೃದಂಗ, ತಬಲಗಳ ಮುಖದ ಮೇಲೆ ಹಚ್ಚುವ ಕರಣೆ ಈ ಉಪಸ್ವರಗಳನ್ನು ಕ್ರಮಕ್ಕೆ ತರುತ್ತದೆಂಬುದನ್ನು ಚಂದ್ರಶೇಖರ ವೆಂಕಟರಾಮನ್‌ರವರು ೧೯೨೦ರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿದರು. ಹಲಗೆಯನ್ನೂ ತಬಲವನ್ನೂ ಒಂದೇ ಮೇಜಿನ ಮೇಲಿಟ್ಟರೆ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿಯ ಸಂಶೋಧನೆಯೂ ಹಳ್ಳಿಯ ವಾದಕನ ಅನುಭವವೂ ಒಂದೇ ಪಾಠದಲ್ಲಿ ಕೂಡುತ್ತವೆ.

ಡೊಳ್ಳಿನಿಂದ ಮಾಡಬಹುದಾದ ಸುಲಭ ಪ್ರಯೋಗವೊಂದಿದೆ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಚಲಿಸುತ್ತದೆ. ಡೊಳ್ಳಿನವರನ್ನು ಆಟದ ಬಯಲಿನ ಆಚೆ ೧೭೦ ಮೀಟರು ದೂರದಲ್ಲಿ ನಿಲ್ಲಿಸಿದರೆ ಕೋಲು ಬಿದ್ದುದನ್ನು ಕಣ್ಣು ಕಂಡ ಅರ್ಧ ಸೆಕೆಂಡಿನ ಮೇಲೆ ದನಿ ಕಿವಿಗೆ ಬೀಳುತ್ತದೆ. ಡೊಳ್ಳಿನ ಒಂದು ಮುಖವನ್ನು ಕೋಲಿನಿಂದ, ಇನ್ನೊಂದನ್ನು ಅಂಗೈಯಿಂದ ಬಾರಿಸುವಾಗ ಹುಟ್ಟುವ ಎರಡು ಬಗೆಯ ನಾದ, ವರ್ತುಲವಾಗಿ ಕುಣಿಯುವ ಹತ್ತಾರು ಜನರನ್ನು ತಾಳದವನು ಒಂದೇ ಲಯದಲ್ಲಿ ಹಿಡಿದಿಡುವ ಕ್ರಮ, ಮೂರು ನಾಲ್ಕು ಏಳು ಮಾತ್ರೆಗಳ ಗುಂಪುಗಳು ಕೂಡಿ ಮತ್ತೆ ಸಮಕ್ಕೆ ಬರುವ ಲೆಕ್ಕ, ಇವೆಲ್ಲವೂ ಗಣಿತದ ಅಧ್ಯಾಪಕರಿಗೆ ದೊರೆಯುವ ಉದಾಹರಣೆಗಳು.

೪. ಅತಿಥಿ ಬೇರೆಯ ನೆಲದವನಾದಾಗ

ಇದುವರೆಗೆ ಹೇಳಿದ್ದು ಮಗುವಿಗೆ ಪರಿಚಿತವಾದ ಹಾಡನ್ನು ಕುರಿತು. ಅಪರಿಚಿತವಾದ ಹಾಡಿನಿಂದ ಇನ್ನೊಂದು ಬಗೆಯ ಕಲಿಕೆ ಉಂಟಾಗುತ್ತದೆ. ಇದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಪಶ್ಚಿಮದ ಅಂಚಿಗೆ ತಾಗಿರುವ ಮುಂಡಗೋಡ, ಅದರಾಚೆಯ ಯಲ್ಲಾಪುರ, ಹಳಿಯಾಳ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಿಕರು ಪೂರ್ವ ಆಫ್ರಿಕದಿಂದ, ಬಹುಮಟ್ಟಿಗೆ ಗುಲಾಮರಾಗಿ, ಸಮುದ್ರಮಾರ್ಗವಾಗಿ ತರಲ್ಪಟ್ಟವರು. ಗೋವೆಯ ಪೋರ್ಚುಗೀಜರ ಕಾಲದಲ್ಲಿ ಅವರಲ್ಲಿ ಅನೇಕರು ಈ ಕಾಡುಗಳನ್ನು ಸೇರಿಕೊಂಡರು. ಇಂದು ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ೨೦೦೩ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಡಮಾಮಿ ಎಂಬ ಚರ್ಮವಾದ್ಯದ ಲಯಕ್ಕೆ ಅವರು ಹಾಡಿ ಕುಣಿಯುವ ಡಮಾಮಿ ನೃತ್ಯ ನಾಡಿನಲ್ಲಿ ಹೆಸರಾಗಿದೆ.

ಸಿದ್ದಿ ಕಲಾವಿದೆಯೊಬ್ಬಳು ತರಗತಿಗೆ ಬಂದು ಡಮಾಮಿಯನ್ನು ಬಾರಿಸಿ, ತನ್ನ ಮನೆಯ ಮಾತನ್ನೂ ಕನ್ನಡವನ್ನೂ ಕೂಡಿಸಿ ಹಾಡಿದರೆ, ಹಿಂದೂ ಮಹಾಸಾಗರದ ವ್ಯಾಪಾರ, ಗುಲಾಮಗಿರಿ, ವಲಸೆ, ಭಾಷಾಮಿಶ್ರಣ ಇವೆಲ್ಲ ಭೂಪಟದ ಗೆರೆಗಳಾಗಿ ಉಳಿಯದೆ ಮನುಷ್ಯರ ಬಾಳಾಗಿ ಕಾಣುತ್ತವೆ. ಕನ್ನಡಿಗನೆಂದರೆ ಒಂದೇ ಮೈಬಣ್ಣದವನಲ್ಲವೆಂಬ ಅರಿವೂ ಉಂಟಾಗುತ್ತದೆ. ಆದರೆ ಇಲ್ಲಿಯೇ ಒಂದು ಅಪಾಯವೂ ಇದೆ. ಅತಿಥಿಯನ್ನು ವಿಚಿತ್ರವಸ್ತುವಿನಂತೆ ನೋಡುವ ಕಣ್ಣು ಮಕ್ಕಳದಾಗದಂತೆ ಅಧ್ಯಾಪಕನು ಎಚ್ಚರವಹಿಸಬೇಕು. ಅವಳು ತನ್ನ ಹೆಸರು, ಊರು, ದುಡಿಮೆ, ಕಲಿತ ಬಗೆ ಇವನ್ನು ತಾನೇ ಹೇಳಿಕೊಂಡ ಮೇಲೆ ಹಾಡು ತೊಡಗಿದರೆ ಆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಜೀವನ ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ಶಾಲೆಯ ಮೆಟ್ಟಿಲನ್ನು ಹತ್ತದ ಈ ಮಹಿಳೆ ತನ್ನ ಸಮುದಾಯದ ಹಾಡುಗಳ ಬಹುದೊಡ್ಡ ಭಂಡಾರವನ್ನು ನೆನಪಿನಲ್ಲಿಯೇ ಹೊತ್ತಿದ್ದರು. ಮದ್ಯಪಾನದ ವಿರುದ್ಧದ ಹೋರಾಟದಲ್ಲಿಯೂ ಮುಂದಾಗಿದ್ದರು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಬುರ್ರಕಥೆಯ ಮಹಾಕಾವ್ಯಗಳನ್ನು ಬಾಯಲ್ಲಿಟ್ಟುಕೊಂಡಿದ್ದ ದರೋಜಿ ಈರಮ್ಮನವರು ೨೦೧೪ರಲ್ಲಿ ಅಗಲಿದರು. ಇಂತಹವರೊಡನೆ ಏನು ಉಳಿಯಿತು, ಏನು ಹೋಯಿತು ಎಂಬುದು ಅವರು ಬದುಕಿದ್ದಾಗ ಅವರ ಮುಂದೆ ಕುಳಿತು ಕಲಿತವರೆಷ್ಟು ಜನ ಎಂಬುದನ್ನೇ ಅವಲಂಬಿಸಿದೆ. ಧ್ವನಿಮುದ್ರಣ ದನಿಯನ್ನು ಉಳಿಸೀತು. ಪ್ರಶ್ನೆಗೆ ಉತ್ತರ ಕೊಡುವ ಮನುಷ್ಯನನ್ನು ಉಳಿಸದು.

೫. ವೇದಿಕೆಯಿಂದ ತರಗತಿಗೆ

ಗಾಯಕನನ್ನು ಅಧ್ಯಾಪಕನ ಸ್ಥಾನದಲ್ಲಿ ಕೂಡಿಸುವ ಕಲ್ಪನೆ ನಮ್ಮ ದೇಶಕ್ಕೆ ಹೊಸದಲ್ಲ. ರವೀಂದ್ರನಾಥ ಠಾಕೂರರು ೧೯೧೯ರಲ್ಲಿ ಸಿಲ್ಹೆಟ್ಟಿನಲ್ಲಿ ಮಣಿಪುರಿ ನೃತ್ಯವನ್ನು ಕಂಡು ಮೆಚ್ಚಿ, ತ್ರಿಪುರೆಯಿಂದ ಬುದ್ಧಿಮಂತ ಸಿಂಹರೆಂಬ ಕಲಾವಿದರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು. ಕರೆಸಿದ್ದು ಒಂದು ಸಂಜೆಯ ಪ್ರದರ್ಶನಕ್ಕಾಗಿ ಅಲ್ಲ, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕಾಗಿ. ೧೯೩೭ರ ವರ್ಧಾ ಸಮ್ಮೇಳನದಿಂದ ಹೊರಟ ಮೂಲಶಿಕ್ಷಣದ ಯೋಜನೆಗೆ ಜಾಕಿರ್ ಹುಸೇನ್ ಸಮಿತಿ ಸಿದ್ಧಪಡಿಸಿದ ಪಾಠಕ್ರಮದಲ್ಲಿ ಕೈಕಸುಬು, ಮಾತೃಭಾಷೆ, ಗಣಿತಗಳ ಜೊತೆಗೆ ಸಂಗೀತಕ್ಕೂ ಸ್ಥಾನವಿತ್ತು. ಹೊರದೇಶಗಳಲ್ಲಿ ನೋಡಿದರೆ, ಹಂಗೆರಿಯ ಝೋಲ್ಟಾನ್ ಕೊಡಾಯ್ ೧೯೦೫ರಿಂದ ಹಳ್ಳಿಗಳಲ್ಲಿ ಹಾಡುಗಳನ್ನು ಸಂಗ್ರಹಿಸಿ, ಮಗುವಿನ ಸಂಗೀತಶಿಕ್ಷಣ ಅದರ ಜನಪದ ಗೀತೆಗಳಿಂದಲೇ ತೊಡಗಬೇಕೆಂಬ ತತ್ತ್ವವನ್ನು ಶಾಲೆಗಳಲ್ಲಿ ನೆಲೆಗೊಳಿಸಿದನು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಬೋಧಕರಾಗಿ ಕರೆಯಬೇಕೆಂದು ಹೇಳಿದೆ. ಆದುದರಿಂದ ತತ್ತ್ವದಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಆಚರಣೆಯಲ್ಲಿ.

ಆಚರಣೆಗೆ ಸಂಬಂಧಿಸಿದ ಕೆಲವು ಸೂಚನೆಗಳನ್ನು ಇಲ್ಲಿ ಕೊಡಬಹುದು. ಮೊದಲನೆಯದಾಗಿ, ಅಧ್ಯಾಪಕನು ಗಾಯಕನ ಮನೆಗೆ ತಾನೇ ಹೋಗಿ, ಅವರು ಏನನ್ನು ಕಲಿಸಲು ಇಷ್ಟಪಡುತ್ತಾರೆಂಬುದನ್ನು ಕೇಳಿ ತಿಳಿಯಬೇಕು. ಜಾತ್ರೆಯಲ್ಲಿ ಮಾತ್ರ, ಹಬ್ಬದಲ್ಲಿ ಮಾತ್ರ ಹಾಡಬೇಕಾದ ಪದಗಳಿದ್ದರೆ ಅವನ್ನು ತರಗತಿಗೆ ತರುವಂತೆ ಒತ್ತಾಯಿಸಬಾರದು. ಎರಡನೆಯದಾಗಿ, ಐನೂರು ಮಕ್ಕಳ ಸಭೆಗಿಂತ ನಲವತ್ತು ಮಕ್ಕಳ ತರಗತಿ ಲೇಸು. ಧ್ವನಿವರ್ಧಕಕ್ಕಿಂತ ಜಮಖಾನೆ ಲೇಸು. ಮಕ್ಕಳು ಗಾಯಕನ ಸುತ್ತ ಕುಳಿತು ವಾದ್ಯವನ್ನು ಮುಟ್ಟಿನೋಡುವಂತಿರಬೇಕು. ಮೂರನೆಯದಾಗಿ, ಗಾಯಕನು ತನ್ನ ಆಡುಮಾತಿನಲ್ಲಿಯೇ ಮಾತನಾಡಲಿ. ಈ ಸೀಮೆಯ ಮನೆಮಾತನ್ನು ಶಾಲೆಯಲ್ಲಿ ‘ಅಶುದ್ಧ’ವೆಂದು ತಿದ್ದಿಸಿಕೊಂಡ ಮಗುವಿಗೆ, ಅದೇ ಮಾತಿನಲ್ಲಿ ಗುರುವೊಬ್ಬನು ಪಾಠ ಹೇಳುವುದನ್ನು ಕೇಳುವುದೇ ಒಂದು ವಿದ್ಯೆ. ನಾಲ್ಕನೆಯದಾಗಿ, ಅತಿಥಿಗಳು ಹೋದ ಮೇಲೆ ಪಾಠ ಮುಗಿಯಬಾರದು. ಮಕ್ಕಳು ತಮ್ಮ ತಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಒಂದೊಂದು ಪದವನ್ನು ಬರೆದು ತರಲಿ. ತಿಂಗಳ ಮೇಲೆ ಗಾಯಕನು ಮತ್ತೆ ಬಂದು ಅವನ್ನು ಕೇಳಲಿ. ಎರಡನೆಯ ಬರವಿಲ್ಲದ ಮೊದಲ ಬರವು ಬಿತ್ತಿ ನೀರುಣಿಸದ ಹೊಲದಂತೆ.

ಸಂಭಾವನೆಯ ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಉಪನ್ಯಾಸಕ್ಕೆ ಬಂದ ವಿದ್ವಾಂಸರಿಗೆ ಕೊಡುವಷ್ಟನ್ನೇ, ಅದೇ ರೀತಿಯಲ್ಲಿ, ಗಾಯಕನಿಗೂ ಸಲ್ಲಿಸಬೇಕು. ಶಾಲು ಹಣ್ಣುಗಳು ಗೌರವದ ಗುರುತೇ ಹೊರತು ದುಡಿಮೆಯ ಬೆಲೆಯಲ್ಲ. ಒಂದು ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ಆ ದಿನದ ನಷ್ಟವನ್ನು ಹೊರಿಸುವುದು ಯಾವ ಸಂಸ್ಥೆಗೂ ಶೋಭಿಸದು. ಹಾಡನ್ನು ಧ್ವನಿಮುದ್ರಿಸುವುದಾದರೆ ಅನುಮತಿಯನ್ನು ಪಡೆದು, ಹಾಡಿದವರ ಹೆಸರು, ಊರು, ಕಲಿಸಿದವರ ಹೆಸರು, 날ದಿನಾಂಕಗಳನ್ನು ದಾಖಲಿಸಿ, ಒಂದು ಪ್ರತಿಯನ್ನು ಅವರ ಮನೆಗೆ ಮುಟ್ಟಿಸಬೇಕು. ಹಾಡಿದವರ ಹೆಸರಿಲ್ಲದೆ ಅಚ್ಚಾದ ಜನಪದ ಗೀತೆಗಳ ಸಂಗ್ರಹಗಳು ನಮ್ಮಲ್ಲಿ ಅನೇಕವಿವೆ; ಆ ಲೋಪ ಮುಂದುವರಿಯಬಾರದು.

ಎಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿ ಜಾತಿಯದು. ಹಲಗೆಯನ್ನು ಬಾರಿಸುವ ಕೆಲಸವನ್ನು ನಮ್ಮ ಸಮಾಜ ಕೆಲವು ಜಾತಿಗಳಿಗೆ ಕಟ್ಟಿಹಾಕಿ, ಅದನ್ನು ಬಿಟ್ಟಿಯ ಚಾಕರಿಯನ್ನಾಗಿ ಮಾಡಿ, ಬಾರಿಸಿದವನನ್ನು ಗುಡಿಯ ಹೊರಗೆ ನಿಲ್ಲಿಸಿತು. ಈ ಕಾರಣದಿಂದಲೇ ದಲಿತರಲ್ಲಿ ಹಲವರು ಹಲಗೆಯನ್ನು ಕೆಳಗಿಟ್ಟರು. ಇನ್ನು ಹಲವರು ಅದನ್ನೇ ಸ್ವಾಭಿಮಾನದ ವಾದ್ಯವೆಂದು ಎತ್ತಿಕೊಂಡರು. ಎರಡೂ ನಿಲುವುಗಳಿಗೆ ಗೌರವವಿರಬೇಕು. ಹಲಗೆಯ ಕಲಾವಿದನನ್ನು ಕರೆಸಿದ ಶಾಲೆಯಲ್ಲಿ ‘ನೀನು ಆ ಮನೆಯವನು, ನೀನೇ ಬಾರಿಸು’ ಎಂದು ಯಾವ ಮಗುವಿಗೂ ಹೇಳತಕ್ಕದ್ದಲ್ಲ. ಹಲಗೆಯನ್ನು ಮೊದಲು ಮುಟ್ಟುವ ಕೈ ಅದನ್ನು ಎಂದೂ ಮುಟ್ಟದ ಮನೆಯ ಮಗುವಿನದಾಗಲಿ. ಕುರ್ಚಿಯ ಮೇಲೆ ಕುಳಿತ ಹಲಗೆಯ ಗುರುವಿನ ಮುಂದೆ ಎಲ್ಲ ಜಾತಿಯ ಮಕ್ಕಳೂ ನೆಲದ ಮೇಲೆ ಕುಳಿತು ಪೆಟ್ಟುಗಳನ್ನು ಎಣಿಸುವ ಆ ಒಂದು ಗಂಟೆ, ಸಮಾನತೆಯನ್ನು ಕುರಿತ ಹತ್ತು ಪಾಠಗಳಿಗೆ ಸಮ.

೬. ಎರಡು ಆಕ್ಷೇಪಗಳು

ಪರೀಕ್ಷೆಯ ಒತ್ತಡವಿರುವಾಗ ಇದಕ್ಕೆ ವೇಳೆಯೆಲ್ಲಿ ಎಂದು ಕೆಲವರು ಕೇಳಬಹುದು. ಮೇಲೆ ತೋರಿಸಿದಂತೆ ಲಾವಣಿ, ತ್ರಿಪದಿ, ಶಬ್ದದ ಕಂಪನ, ಸ್ವಾತಂತ್ರ್ಯ ಹೋರಾಟ ಇವೆಲ್ಲ ಪಾಠಕ್ರಮದಲ್ಲಿಯೇ ಇರುವ ವಿಷಯಗಳು. ಗಾಯಕನ ಪಾಠ ಅವುಗಳಿಗೆ ಹೊರತಾದುದಲ್ಲ, ಅವುಗಳನ್ನೇ ಬೋಧಿಸುವ ಇನ್ನೊಂದು ಮಾರ್ಗ.

ಗಾಯಕರು ಹೇಳುವ ಸಂಗತಿಗಳು ಶಾಸ್ತ್ರಶುದ್ಧವಾಗಿರುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ಡೊಳ್ಳಿನ ಹುಟ್ಟನ್ನು ಕುರಿತು ಡೊಳ್ಳಾಸುರನ ಕಥೆಯನ್ನು ಹೇಳುವವರು ಇತಿಹಾಸವನ್ನು ಹೇಳುತ್ತಿಲ್ಲ, ನಂಬಿಕೆಯನ್ನು ಹೇಳುತ್ತಿದ್ದಾರೆ. ನಂಬಿಕೆಯನ್ನು ನಂಬಿಕೆಯೆಂದೂ ಇತಿಹಾಸವನ್ನು ಇತಿಹಾಸವೆಂದೂ ಬೇರ್ಪಡಿಸಿ, ಯಾವುದನ್ನೂ ಅವಹೇಳನ ಮಾಡದೆ ವಿವರಿಸುವುದು ಜೊತೆಗಿರುವ ಅಧ್ಯಾಪಕನ ಹೊಣೆ. ಗಾಯಕನನ್ನು ಕರೆಸಿ ತಾನು ಸಿಬ್ಬಂದಿಯ ಕೋಣೆಗೆ ಹೋಗಿ ಕುಳಿತ ಅಧ್ಯಾಪಕನು ಈ ಹೊಣೆಯನ್ನು ಮರೆತವನು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇದೇ ಸೀಮೆಯ ಹಳ್ಳಿಗಳವರು. ಅವರು ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಅಲ್ಲಿಯ ಗಾಯಕರು, ವಾದಕರು, ವಾದ್ಯಗಳನ್ನು ತಯಾರಿಸುವವರು ಯಾರು ಯಾರಿದ್ದಾರೆಂಬ ಪಟ್ಟಿಯನ್ನು ಅವರವರ ಒಪ್ಪಿಗೆಯೊಡನೆ ಸಿದ್ಧಪಡಿಸಿ ಸಮೀಪದ ಶಾಲೆಗೆ ಕೊಡಬಹುದು. ಅಧ್ಯಾಪಕರು ಆ ಪಟ್ಟಿಯಿಂದ ವರ್ಷಕ್ಕೆ ಇಬ್ಬರನ್ನಾದರೂ ಶಾಲೆಯ ವೇಳಾಪತ್ರಿಕೆಯಲ್ಲಿ ಹೆಸರು ಬರೆದು ಕರೆಸಬಹುದು. ಇದಕ್ಕೆ ದೊಡ್ಡ ಅನುದಾನ ಬೇಡ, ಹೊಸ ಕಟ್ಟಡ ಬೇಡ. ಬೇಕಾದುದು ಮೆರವಣಿಗೆಯ ಮುಂದೆ ನಡೆಯುವವನಿಗೆ ತರಗತಿಯ ಬಾಗಿಲನ್ನು ತೆರೆದು, ‘ಬರ್ರಿ, ಇಲ್ಲಿ ಕೂಡ್ರಿ, ನಮಗ ಕಲಿಸ್ರಿ’ ಎಂದು ಕರೆಯುವ ಮನಸ್ಸು.